ತೆರಿಗೆ ಕಟ್ಟೋಣ, ಲೆಕ್ಕ ಕೇಳೋಣ!

(ಯುವ ಬಳಗದ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಒಂದು ಸಣ್ಣ ಪ್ರೆಸ್ಸು ನಡೆಸುತ್ತೇನೆ. ಮದುವೆ ಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ರಸೀದಿ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ತೆರಿಗೆಯ ಬಗ್ಗೆ ಮಾತಾಡಿ ಎಂದು ನಿಮ್ಮ ಬಳಗದವರು ಬಂದಾಗ, "ಅಯ್ಯಾ, ಅದಕ್ಕೆ ಅರ್ಥಶಾಸ್ತ್ರದ ಮೇಷ್ಟ್ರನ್ನು ಕರೆಯಿರಿ" ಅಂದೆ. "ಇಲ್ಲ ಅಣ್ಣ, ಬಿಲ್ ಬುಕ್ಕು ಅಚ್ಚು ಹಾಕುವವರೇ ಬೇಕು" ಅಂದರು. ಸರಿ, ಬಂದಿದ್ದೇನೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ತೆರಿಗೆ ಕಟ್ಟುವವರು ಯಾರು, ಕೈ ಎತ್ತಿ ಎಂದರೆ ಕಂಪನಿ ಕೆಲಸದಲ್ಲಿರುವ ನಾಲ್ಕು ಜನ ಎತ್ತುತ್ತೀರಿ. ಉಳಿದವರು ಸುಮ್ಮನೆ ಕೂರುತ್ತೀರಿ. ತಪ್ಪು ಗೆಳೆಯರೇ! ಇಲ್ಲಿರುವ ಪ್ರತಿಯೊಬ್ಬರೂ ಕೈ ಎತ್ತಬೇಕು. 199 ರೂಪಾಯಿ ಕೊಟ್ಟು ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಸುಮಾರು 30 ರೂಪಾಯಿ ಜಿಎಸ್‌ಟಿ. ಶೇಕಡ 18ರ ಲೆಕ್ಕ. ಒಂದೂವರೆ ಲಕ್ಷ ಸಂಬಳದವನೂ ಅದೇ 30 ರೂಪಾಯಿ ಕೊಡುತ್ತಾನೆ, ಬೆಳಗಿನ ಜಾವ ಬೀದಿ ಗುಡಿಸುವ ತಾಯಿಯೂ ಅದೇ 30 ರೂಪಾಯಿ ಕೊಡುತ್ತಾಳೆ. ಗಾಡಿಗೆ ಪೆಟ್ರೋಲ್ ಹಾಕಿಸುತ್ತೀರಲ್ಲ? 2024ರ ಜೂನ್‌ನಲ್ಲಿ ಅದರ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದರು. ಕೇಂದ್ರದ ಅಬಕಾರಿ ಸುಂಕ ಅದಕ್ಕೆ ಬೇರೆ. ಸೋಪಿಗೆ 2025ರ ಸೆಪ್ಟೆಂಬರ್ 22ರವರೆಗೆ ಶೇ. 18 ಇತ್ತು, ಆಮೇಲೆ 5ಕ್ಕೆ ಇಳಿಯಿತು. ಇಳಿದರೂ ಕೊಡುವುದು ತಪ್ಪಲಿಲ್ಲ.

ಇದು ನಮಗೆ ಏಕೆ ಕಾಣುವುದಿಲ್ಲ? ಪೊಟ್ಟಣದ ಮೇಲೆ "ಎಲ್ಲ ತೆರಿಗೆ ಸೇರಿ" ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ನನ್ನ ಕಸುಬಿನ ಕಣ್ಣಿಗೆ ಅದು ಐದಾರು ಪಾಯಿಂಟಿನ ಅಕ್ಷರ. ಮದುವೆ ಪತ್ರಿಕೆಯಲ್ಲಿ ಅಷ್ಟು ಸಣ್ಣ ಅಕ್ಷರ ಹಾಕಿದರೆ ಹೆಣ್ಣಿನ ತಂದೆ ನನ್ನನ್ನು ಬಿಡುತ್ತಾರೆಯೇ? ಆದರೆ ಕೋಟಿ ಕೋಟಿ ಜನ ಕೊಡುವ ತೆರಿಗೆಯ ಸುದ್ದಿ ಆ ಸಾಲಿನಲ್ಲಿ ಮುಗಿದುಹೋಗುತ್ತದೆ!

ಈ ಕಾಣದ ತೆರಿಗೆಯಿಂದಲೇ ಒಂದು ಕೆಟ್ಟ ಮಾತು ಹುಟ್ಟಿದೆ. "ನಾವು ತೆರಿಗೆ ಕಟ್ಟುವವರು, ಅವರು ಬಿಟ್ಟಿ ತಿನ್ನುವವರು." 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾದ ಮೇಲಂತೂ ಈ ಮಾತು ನಗರದ ಬಾಯಲ್ಲಿ ಹೆಚ್ಚಾಯಿತು. ಆ ಯೋಜನೆ ಸರಿಯೋ ತಪ್ಪೋ, ಅದನ್ನು ಬೇರೆ ಚರ್ಚೆ ಮಾಡೋಣ. ಆದರೆ ಬಸ್ಸಿನಲ್ಲಿ ಕೂತ ಆ ಹೂ ಮಾರುವ ಅಮ್ಮ ಬಿಟ್ಟಿಯೇ? ಅವಳ ಸೋಪು, ಅವಳ ರೀಚಾರ್ಜು, ಅವಳ ಮಗನ ಚಪ್ಪಲಿ, ಹೂವು ತಂದ ಗಾಡಿಯ ಡೀಸೆಲ್ಲು, ಎಲ್ಲದರಲ್ಲೂ ಅವಳ ಕಾಸು ಖಜಾನೆಗೆ ಹೋಗಿದೆ. ಇನ್ನೊಂದು ಕಡೆ ನೋಡಿ. 2025–26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಅಂದರೆ "ನಾವು ತೆರಿಗೆದಾರರು" ಎನ್ನುವ ಹುಡುಗರಲ್ಲೂ ಎಷ್ಟೋ ಜನ ಕಟ್ಟುವುದು ಹೂವಮ್ಮ ಕಟ್ಟುವ ತೆರಿಗೆಯನ್ನೇ!

2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಮೇಲಿನ ತೆರಿಗೆ ದರವನ್ನು, ಬೇರೆ ವಿನಾಯಿತಿ ಬಿಟ್ಟುಕೊಡುವವರಿಗೆ, ಶೇ. 30ರಿಂದ 22ಕ್ಕೆ ಇಳಿಸಿದರು. ಅದನ್ನು ಯಾರೂ "ಬಿಟ್ಟಿ" ಅನ್ನಲಿಲ್ಲ, "ಉತ್ತೇಜನ" ಅಂದರು. ಬಡವಳಿಗೆ ಕೊಟ್ಟರೆ ಬಿಟ್ಟಿ, ಕಂಪನಿಗೆ ಬಿಟ್ಟರೆ ಉತ್ತೇಜನ! ಇದು ಯಾವ ನ್ಯಾಯ ಸ್ವಾಮಿ?

ಈಗ ಜನರ ಮನಸ್ಸಿನ ವಿಷಯಕ್ಕೆ ಬರೋಣ. ನನ್ನ ಪ್ರೆಸ್ಸಿಗೆ ಬಂದವರಲ್ಲಿ ಹೆಚ್ಚಿನವರು ಕೇಳುವ ಮಾತು ಒಂದೇ. "ಅಣ್ಣ, ಬಿಲ್ ಬೇಡ. ಟ್ಯಾಕ್ಸ್ ಬಿಟ್ಟು ಎಷ್ಟಾಗುತ್ತೆ ಹೇಳಿ." ಇವರೆಲ್ಲ ಕಳ್ಳರೇ? ಅಲ್ಲ. ಇದೇ ಮನುಷ್ಯ ಗಣೇಶೋತ್ಸವಕ್ಕೆ ಐದು ಸಾವಿರ ಕೊಡುತ್ತಾನೆ. ರಾಜ್ಯೋತ್ಸವಕ್ಕೆ ಊಟದ ಖರ್ಚು ನನ್ನದು ಎನ್ನುತ್ತಾನೆ. ಏಕೆಂದರೆ ಅಲ್ಲಿ ಪೆಂಡಾಲು ಕಾಣುತ್ತದೆ, ದೀಪ ಕಾಣುತ್ತದೆ, ಊಟದ ಎಲೆ ಕಾಣುತ್ತದೆ. ಹಬ್ಬ ಮುಗಿದ ಮೇಲೆ ಜಮಾ-ಖರ್ಚನ್ನು ಬೋರ್ಡಿಗೆ ಅಂಟಿಸುತ್ತಾರೆ. ಆ ಹಾಳೆಯನ್ನು ಅಚ್ಚು ಹಾಕಿಕೊಡುವವನು ನಾನೇ. ಲೆಕ್ಕದಲ್ಲಿ ನೂರು ರೂಪಾಯಿ ವ್ಯತ್ಯಾಸ ಬಂದರೆ ಬೀದಿಯೇ ಸೇರಿ ಕೇಳುತ್ತದೆ. ಕೈ ಬಿಚ್ಚಿ ಕೊಡುವ ಗುಣ ನಮ್ಮ ಜನರಲ್ಲಿ ಇದೆ. ಇಲ್ಲದಿರುವುದು ತೆರಿಗೆಯ ಹಣ ಎಲ್ಲಿಗೆ ಹೋಯಿತು ಎಂಬ ನಂಬಿಕೆ.

ಹಾಗೆಂದು ಬಿಲ್ ಬೇಡ ಎನ್ನುವುದು ಸರಿಯಲ್ಲ. ಬಿಲ್ ಇಲ್ಲದ ವ್ಯಾಪಾರದಲ್ಲಿ ನೀವು ಕೊಟ್ಟ ದುಡ್ಡಿನ ತೆರಿಗೆಯ ಪಾಲು ಎಷ್ಟೋ ಸಲ ಅಂಗಡಿಯವನ ಜೇಬಿನಲ್ಲೇ ಉಳಿಯುತ್ತದೆ. ನಿಯತ್ತಿನಿಂದ ಬಿಲ್ ಹರಿಯುವವನ ದರ ದುಬಾರಿಯಾಗಿ ಕಾಣುತ್ತದೆ, ಅವನ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾನೆ. ನಷ್ಟ ಆಗುವುದು ನಿಯತ್ತಿನವನಿಗೆ.

ನಮ್ಮ ನಾಡಿನ ಚರಿತ್ರೆ ತಿರುವಿ ನೋಡಿ. ಕನ್ನಡಿಗ ತೆರಿಗೆಗೇ ಎದುರು ನಿಂತವನಲ್ಲ, ಅನ್ಯಾಯದ ತೆರಿಗೆಗೆ ಎದುರು ನಿಂತವನು. 1830ರಲ್ಲಿ ನಗರದ ರೈತರು ಕಂದಾಯ ವಸೂಲಿಯ ಕಾಟ ತಾಳಲಾರದೆ ದಂಗೆ ಎದ್ದರು. ಅದೇ ನೆಪವಾಗಿ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಕಡಲ ತೀರದಲ್ಲಿ ಉಪ್ಪಿನ ಕಾಯಿದೆ ಮುರಿದರು. ಬಡವನ ಗಂಜಿಗೆ ಬೀಳುವ ಉಪ್ಪಿನ ಮೇಲೂ ಕರ ಹಾಕಿದ್ದಕ್ಕೆ! ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಜಮೀನು ಜಪ್ತಿಯಾದರೂ ಜಗ್ಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಕಥೆಯನ್ನೂ ಕೇಳಿ. ಮಲಪ್ರಭಾ ಯೋಜನೆಯಿಂದ ಜಮೀನಿನ ಬೆಲೆ ಏರಿತೆಂದು ಸರ್ಕಾರ ರೈತರ ಮೇಲೆ ಅಭಿವೃದ್ಧಿ ಕರ ಹೇರಿತು. ಕಾಲುವೆಯಲ್ಲಿ ನೀರು ಸರಿಯಾಗಿ ಬಾರದವನ ಹೊಲಕ್ಕೂ ಕರ! 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅಲ್ಲಿಂದ ಎದ್ದ ಕಿಚ್ಚು ರಾಜ್ಯದ ರೈತ ಚಳವಳಿಯಾಗಿ ಬೆಳೆಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ನರಗುಂದದ ರೈತ ಕೇಳಿದ್ದು ಇಷ್ಟೇ: "ನೀರು ಕೊಡದೆ ನೀರಿನ ದುಡ್ಡು ಕೇಳುತ್ತೀರಲ್ಲ, ಇದು ನ್ಯಾಯವೇ?"

ಇದೇ ಪ್ರಶ್ನೆ 45 ವರ್ಷಗಳ ನಂತರ ಬೆಂಗಳೂರಿನ ಬೀದಿಯಲ್ಲಿ ಎದ್ದಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಚಹಾ ಅಂಗಡಿ, ತರಕಾರಿ ಅಂಗಡಿಯ ಸಾವಿರಾರು ಜನರಿಗೆ ನೋಟಿಸು ಕಳಿಸಿತು. ಸರಕು ಮಾರುವವನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವನದು 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಎನ್ನುವುದು ಕಾನೂನು. ಕಾನೂನು ಸರಿ. ಆದರೆ ತಾಜಾ ತರಕಾರಿಗೆ, ಬಿಡಿ ಹಾಲಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಹಣದಲ್ಲಿ ತಂಗಿ ಕಳಿಸಿದ್ದೆಷ್ಟು, ಸಾಲ ತಂದದ್ದೆಷ್ಟು, ವ್ಯಾಪಾರದ್ದೆಷ್ಟು? ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅಂಗಡಿಗಳ ಮುಂದಿನ ಕ್ಯೂಆರ್ ಹಾಳೆಗಳು ಮಾಯವಾದವು, "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಬಂದವು. ವ್ಯಾಪಾರಿಗಳು ಬಂದ್ ಕರೆ ಕೊಟ್ಟರು. ಕೊನೆಗೆ ಮುಖ್ಯಮಂತ್ರಿಯೇ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಇಲಾಖೆ ತಿಳಿವಳಿಕೆ ಕಾರ್ಯಕ್ರಮ ಮಾಡಿದ್ದು ನೋಟಿಸು ಹೋದ ಮೇಲೆ! ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಎಂಟು ವರ್ಷದಲ್ಲಿ ಬೀದಿ ಬೀದಿಗೆ ಒಂದು ಕನ್ನಡ ಕರಪತ್ರ ಹಂಚಲು ಆಗುತ್ತಿರಲಿಲ್ಲವೇ?

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಪ್ರೆಸ್ಸಿನವನಿಗೆ ಅಕ್ಷರ ಗೊತ್ತು ಎಂದು ಸುತ್ತಲಿನ ಅಂಗಡಿಯವರು ತಮಗೆ ಬಂದ ಸರ್ಕಾರಿ ಕಾಗದ ತಂದು ನನ್ನ ಹತ್ತಿರ ಓದಿಸುತ್ತಾರೆ. ಒಬ್ಬ ಹಿರಿಯರು ಇಂಗ್ಲಿಷ್ ಕಾಗದವೊಂದನ್ನು ಹದಿನೈದು ದಿನ ಜೇಬಿನಲ್ಲೇ ಇಟ್ಟುಕೊಂಡು ಅಂಜಿಕೆಯಲ್ಲಿ ಅಂಗಡಿ ತೆಗೆದಿರಲಿಲ್ಲ. ಬಿಡಿಸಿ ನೋಡಿದರೆ ಅದರಲ್ಲಿ ಕೇಳಿದ್ದು ವಿಳಾಸದ ದಾಖಲೆ ಮಾತ್ರ! ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿದ ಕಾಯಿದೆ ಬಂದದ್ದು 1963ರಲ್ಲಿ. ದುಡ್ಡು ಕನ್ನಡಿಗನದು, ಬೆವರು ಕನ್ನಡಿಗನದು, ಲೆಕ್ಕದ ಭಾಷೆ ಮಾತ್ರ ಬೇರೆಯವರದು! ತನಗೆ ಓದಲು ಬಾರದ ಕಾಗದಕ್ಕೆ ದುಡ್ಡು ಕಟ್ಟುವವನಿಗೆ ಅದು ತೆರಿಗೆ ಎನಿಸುವುದಿಲ್ಲ, ದಂಡ ಎನಿಸುತ್ತದೆ.

ಓದಲು ಬಂದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಊರಿನಲ್ಲೇ ಸಾಕ್ಷಿ ಇದೆ. ಹಿಂದೆ ಬೆಂಗಳೂರಿನಲ್ಲಿ ಮನೆ ಕಂದಾಯ ಎಷ್ಟೆಂಬುದು ಪಾಲಿಕೆಯ ಅಧಿಕಾರಿಯ ಬಾಯಲ್ಲಿ ಇತ್ತು. 2000ನೇ ಇಸವಿಯಲ್ಲಿ ಸ್ವಯಂ ಘೋಷಣೆಯ ಪದ್ಧತಿ ತಂದರು. ಯಾವ ಬಡಾವಣೆಗೆ ಎಷ್ಟು ದರ ಎಂದು ಅಚ್ಚು ಹಾಕಿಸಿ ಕೊಟ್ಟರು. ನಿಮ್ಮ ಮನೆ ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ, ನೀವೇ ಕಟ್ಟಿ ಎಂದರು. ಜನ ಸಾಲು ನಿಂತು ಕಟ್ಟಿದರು, ವಸೂಲಿ ಏರಿತು! ಜನರನ್ನು ನಂಬಿದರೆ ಜನರೂ ನಂಬುತ್ತಾರೆ.

ನನ್ನ ಕಸುಬಿನದೇ ಇನ್ನೊಂದು ಮಾತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕೇಳಲು ಎಷ್ಟು ಚೆಂದ! ಆದರೆ ಪುಸ್ತಕ ಅಚ್ಚಾಗುವ ಕಾಗದಕ್ಕೆ ಇದೆ. ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಮಕ್ಕಳ ನೋಟ್‌ಬುಕ್ಕನ್ನು ಅದೇ ದಿನ ಸೊನ್ನೆ ಮಾಡಿದರು, ಒಳ್ಳೆಯದು. ಆದರೆ ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣ, ಪ್ರಕಾಶಕ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದು ಪುಸ್ತಕದ ಬೆಲೆಯೊಳಗೆ ಕೂರುತ್ತದೆ. ಸಾವಿರ ಪ್ರತಿ ಹಾಕುವ ಕನ್ನಡ ಪ್ರಕಾಶಕನಿಗೆ ಇದು ದೊಡ್ಡ ಪೆಟ್ಟು. ತೆರಿಗೆ ಇಲ್ಲ ಎಂಬ ಪುಸ್ತಕ ಕೊಂಡಾಗಲೂ ನೀವು ತೆರಿಗೆ ಕೊಟ್ಟಿರುತ್ತೀರಿ!

ಇನ್ನು ದೆಹಲಿಯ ಲೆಕ್ಕ. ಶೇ. 18ರ ಬಿಲ್ಲಿನಲ್ಲಿ 9 ರಾಜ್ಯಕ್ಕೆ, 9 ಕೇಂದ್ರಕ್ಕೆ. ಜಿಎಸ್‌ಟಿ ವಸೂಲಿಯಲ್ಲಿ ಮಹಾರಾಷ್ಟ್ರದ ನಂತರ ನಮ್ಮದೇ ಹೆಸರು. ಆದರೆ ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು, 2021–26ರ ಅವಧಿಗೆ 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲವೇ ಜಂತರ್ ಮಂತರ್‌ಗೆ ಹೋಗಿ ಕೂತಿತು.

ಇಲ್ಲಿ ನಾವು ಎಚ್ಚರದಿಂದ ಮಾತಾಡಬೇಕು. "ನಮ್ಮ ದುಡ್ಡು ಬಡ ರಾಜ್ಯಕ್ಕೆ ಏಕೆ?" ಎಂದು ಕೇಳಿದರೆ, ನಾಳೆ ಬೆಂಗಳೂರಿನವನು "ನನ್ನ ದುಡ್ಡು ಕಲಬುರಗಿಗೆ ಏಕೆ, ರಾಯಚೂರಿಗೆ ಏಕೆ?" ಎನ್ನುತ್ತಾನೆ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ತಾಲ್ಲೂಕಿನ ಹಿಂದುಳಿಕೆಯನ್ನು ಅಳೆದು ಮುಂದಿಟ್ಟಿದೆ. ಅಲ್ಲಿನ ಮಕ್ಕಳೂ ನಮ್ಮವರೇ. ಹಂಚಿ ತಿನ್ನುವುದು ತಪ್ಪಲ್ಲ. ನಮ್ಮ ತಕರಾರು ಇರಬೇಕಾದದ್ದು ಲೆಕ್ಕದ ಬಗ್ಗೆ. ಸೆಸ್ಸು, ಸರ್ಚಾರ್ಜು ಎಂದು ವಸೂಲು ಮಾಡಿದ ಹಣ ರಾಜ್ಯಗಳಿಗೆ ಹಂಚುವ ಗಂಟಿಗೇ ಬರುವುದಿಲ್ಲ. ಇದು ಎಷ್ಟು ಜನರಿಗೆ ಗೊತ್ತು? ಅಲ್ಲಿ ಬೆರಳಿಟ್ಟು ಕೇಳಿ.

ಹಾಗಾದರೆ ನೀವು ಮಾಡಬೇಕಾದದ್ದೇನು? ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ತೆರಿಗೆ ಎಷ್ಟೆಂದು ಒಮ್ಮೆ ಓದಿ. ನಿಮ್ಮ ಬೀದಿಯ ಅಂಗಡಿಯ ಅಜ್ಜನಿಗೆ ಕಾಗದ ಬಂದರೆ ಕೂತು ಓದಿ ಹೇಳಿ, ಕನ್ನಡದಲ್ಲಿ ಉತ್ತರ ಬರೆದುಕೊಡಿ. ಕನ್ನಡದಲ್ಲಿ ನೋಟಿಸು ಕೊಡಿ ಎಂದು ಕಚೇರಿಗೆ ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲಿದೆ. ನಿಮ್ಮ ರಸ್ತೆಗೆ ಎಷ್ಟು ಖರ್ಚಾಯಿತು, ಯಾರು ಗುತ್ತಿಗೆ ಹಿಡಿದರು ಎಂದು ಅರ್ಜಿ ಹಾಕಿ. ಉತ್ತರ ಬಂದರೆ ನನ್ನ ಪ್ರೆಸ್ಸಿಗೆ ತನ್ನಿ. ಗಣೇಶೋತ್ಸವದ ಜಮಾ-ಖರ್ಚಿನಂತೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಕೊಡುತ್ತೇನೆ, ಬೀದಿಯ ಬೋರ್ಡಿಗೆ ಅಂಟಿಸಿ.

ಮತ್ತೆ, ಯಾರನ್ನೂ "ಬಿಟ್ಟಿ" ಎಂದು ಕರೆಯಬೇಡಿ. ಈ ನಾಡಿನಲ್ಲಿ ಒಂದು ಸೋಪು ಕೊಂಡವರೆಲ್ಲ ತೆರಿಗೆದಾರರೇ. ಲೆಕ್ಕ ಕೇಳುವ ಹಕ್ಕೂ ಅವರೆಲ್ಲರದೇ.