ಹಳೆಯ ಪ್ಲೇಯರಿನ ಮುಳ್ಳು



ಊರಿನ ಮನೆಯಲ್ಲಿ ಮೂಲೆಗುಂಪಾಗಿದ್ದ ಗ್ರಾಮಾಫೋನ್ ತಟ್ಟೆಗಳನ್ನು ನಮ್ಮಲ್ಲಿ ಕೆಲವರು ಮುನಿರ್ಕಾಕ್ಕೆ ತಂದಿಟ್ಟುಕೊಂಡಿದ್ದಾರೆ. ಕೇಳಬೇಕೆಂಬ ಆಸೆ ಸಹಜ. ಆದರೆ ಕೆಂಪುಕೋಟೆಯ ಎದುರಿನ ಲಜಪತರಾಯ್ ಮಾರ್ಕೆಟ್ಟಿಗೋ ಹಳೇ ಸಾಮಾನಿನ ಅಂಗಡಿಗೋ ಹೋಗಿ ಪ್ಲೇಯರು ಕೊಳ್ಳುವ ಮುನ್ನ ನಾಲ್ಕು ಮಾತು.

ತಟ್ಟೆ ತಿರುಗಿಸುವ ಯಂತ್ರ, ಗೆರೆಯಲ್ಲಿ ಓಡುವ ಮುಳ್ಳು, ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ಜು, ಅದಕ್ಕೆ ಬಲ ಕೊಡುವ ಆಂಪ್ಲಿಫೈಯರು, ಸ್ಪೀಕರು: ಇಷ್ಟೇ ಸಂಸಾರ. ಅಂಗಡಿಯವನು ಮರದ ಪೆಟ್ಟಿಗೆಯ ಹೊಳಪು ತೋರಿಸುತ್ತಾನೆ. ನೀವು ಮುಳ್ಳು ನೋಡಿ. ಸ್ಪೀಕರು ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ. ಮುಳ್ಳು ಕೆಟ್ಟರೆ ತಟ್ಟೆಯೇ ಸವೆದುಹೋಗುತ್ತದೆ, ಅದಕ್ಕೆ ರಿಪೇರಿಯಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್ 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಕಂಠ ಉಳಿದದ್ದು ಇಂಥ ಗೆರೆಗಳಲ್ಲೇ.

ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಯ ಗೆರೆ ಅಗಲ, ಅದಕ್ಕೆ ದಪ್ಪ ತುದಿಯ ಮುಳ್ಳು. 1948ರಲ್ಲಿ ಬಂದ 33⅓ ಸುತ್ತಿನ ಎಲ್.ಪಿ.ಗೆ ಸುಮಾರು ಅದರ ಮೂರರಲ್ಲಿ ಒಂದು ಪಾಲಿನಷ್ಟು ಸಣ್ಣ ತುದಿ ಸಾಕು. ಎಷ್ಟೋ ಹಳೆಯ ಕಾರ್ಟ್ರಿಜ್ಜುಗಳಲ್ಲಿ ಎರಡು ಮುಳ್ಳೂ ಇರುತ್ತವೆ. ತಟ್ಟೆ ಬದಲಿಸಿದಾಗ ಪುಟ್ಟ ಹಿಡಿಯನ್ನೂ ತಿರುಗಿಸಬೇಕು. ಕೀಲಿ ಕೊಡುವ ಗ್ರಾಮಾಫೋನಿನ ಉಕ್ಕಿನ ಮುಳ್ಳಾದರೆ ಒಂದು ಮಗ್ಗುಲು ಮುಗಿದೊಡನೆ ಬಿಸಾಡಿ, ಜಿಪುಣತನ ಬೇಡ. ಅದರ ಕೆಳಗೆ ಎಲ್.ಪಿ. ಇಡಲೇಬಾರದು.

ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಕರಗುತ್ತದೆ. ವಾಲ್ವಿನ ಆಂಪ್ಲಿಫೈಯರನ್ನು ಪ್ಲಗ್ಗು ಕಿತ್ತ ಮೇಲೂ ಬಿಚ್ಚಬೇಡಿ; ಒಳಗೆ ನಿಂತ ವಿದ್ಯುತ್ತು ಪ್ರಾಣಕ್ಕೇ ಅಪಾಯ.

ಅಂಗಡಿಯಲ್ಲಿ ಪರೀಕ್ಷೆಗೆ ಅಂಗಡಿಯವನ ತಟ್ಟೆಯನ್ನೇ ಹಾಕಿಸಿ. ಮುಳ್ಳು ನೋಡಲು ಭೂತಗನ್ನಡಿ ನಮ್ಮ ವಾಚನಾಲಯದ ಮೇಜಿನಲ್ಲಿದೆ; ಭಾನುವಾರ ತನ್ನಿ, ಒಟ್ಟಿಗೆ ನೋಡೋಣ.