ಮನೆಯ ಚಾವಣಿಯಲ್ಲಿ ಹುದುಗು ದೀಪಗಳು: ಯೋಜನೆ ಮತ್ತು ವೆಚ್ಚ

ದೀಪವನ್ನು ಕಟ್ಟಡದ ಒಡಲಲ್ಲೇ ಅಡಗಿಸಿಡುವ ಪದ್ಧತಿ ಭಾರತಕ್ಕೆ ಹೊಸತಲ್ಲ. ನಾಸಿಕದ ಹಳೆಯ ಪೇಟೆಯ ವಾಡೆಗಳಲ್ಲಿಯೂ ಕರ್ನಾಟಕದ ತೊಟ್ಟಿ ಮನೆಗಳಲ್ಲಿಯೂ ಗೋಡೆಯ ದಪ್ಪದೊಳಗೆ ದೀಪದ ಗೂಡುಗಳಿರುತ್ತಿದ್ದವು. ಗಾಳಿಗೆ ದೀಪ ಆರಬಾರದು, ಓಡಾಡುವವರ ಕೈ ತಾಗಬಾರದು ಎಂಬುದು ಅಲ್ಲಿನ ಉದ್ದೇಶ. ಇಂದು ಅದೇ ಗೂಡು ಗೋಡೆಯಿಂದ ಚಾವಣಿಗೆ ಏರಿದೆ. ಜಿಪ್ಸಂ ಹಲಗೆಯ ಕೃತಕ ಚಾವಣಿಯಲ್ಲಿ ಹುದುಗಿಸಿದ ಎಲ್.ಇ.ಡಿ. ದೀಪಗಳು ಮಧ್ಯಮ ವರ್ಗದ ಗೃಹಸ್ಥರ ಅಪೇಕ್ಷೆಯ ಪಟ್ಟಿಯಲ್ಲಿ ಸೇರಿಕೊಂಡಿವೆ. ನಾಸಿಕದಲ್ಲಿಯೂ, 2023ರವರೆಗೆ ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿಯೂ ಹೊಸದಾಗಿ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ಇವು ಸಾಮಾನ್ಯ ನೋಟ. ಆದರೆ ಈ ಅಪೇಕ್ಷೆ ಗೃಹಸಾಲದ ಕಂತಿನ ಜೊತೆಗೇ ಬರುತ್ತದೆಯಾದ ಕಾರಣ, ಲೆಕ್ಕ ಹಾಕದೆ ಕೈಹಾಕುವುದು ಉಚಿತವಲ್ಲ.

ಮೊದಲು ಬೆಳಕಿನ ಪ್ರಮಾಣವನ್ನು ನಿರ್ಧರಿಸಬೇಕು. ಬೆಳಕನ್ನು ಅಳೆಯುವ ಮಾನ ವ್ಯಾಟ್ ಅಲ್ಲ, ಲ್ಯೂಮೆನ್. ವ್ಯಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಮಾನ. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ವಾಸದ ಕೋಣೆಗೆ ಸುಮಾರು 150 ಲಕ್ಸ್, ತರಕಾರಿ ಹೆಚ್ಚುವ ಅಡುಗೆ ಕಟ್ಟೆಗೆ ಸುಮಾರು 300 ಲಕ್ಸ್ ಇದ್ದರೆ ಸಾಕು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 120 ಚದರ ಅಡಿ, ಅಂದರೆ 11 ಚದರ ಮೀಟರಿಗಿಂತ ತುಸು ಹೆಚ್ಚು. 150 ಲಕ್ಸಿಗೆ ಸುಮಾರು 1,670 ಲ್ಯೂಮೆನ್ ಬೇಕು. ದೀಪದ ಬೆಳಕಿನಲ್ಲಿ ಒಂದು ಭಾಗವನ್ನು ಗೋಡೆ ಮತ್ತು ಪೀಠೋಪಕರಣಗಳು ಹೀರಿಕೊಳ್ಳುತ್ತವೆ. ಧೂಳಿನಿಂದ, ಹಳತಾಗುವುದರಿಂದ ಇನ್ನೊಂದು ಭಾಗ ಕುಂದುತ್ತದೆ. ಹೀಗಾಗಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ದಕ್ಕುವುದೆಂದು ಎಣಿಸಿ, ಸುಮಾರು 3,500 ಲ್ಯೂಮೆನ್‌ನ ಏರ್ಪಾಡು ಮಾಡಬೇಕಾಗುತ್ತದೆ. ತಲಾ 900 ಲ್ಯೂಮೆನ್ ನೀಡುವ 10 ವ್ಯಾಟಿನ ನಾಲ್ಕು ದೀಪಗಳಿಂದ ಇದು ನೆರವೇರುತ್ತದೆ. ಗೋಡೆಗೆ ತಿಳಿ ಬಣ್ಣ ಬಳಿದಿದ್ದರೆ ಈ ಲೆಕ್ಕ ಸರಿ. ಗಾಢ ಬಣ್ಣವಾದರೆ ಇನ್ನೊಂದು ದೀಪ ಬೇಕಾದೀತು. ಅಲಂಕಾರದ ನಕ್ಷೆಗಳಲ್ಲಿ ಇಷ್ಟೇ ಕೋಣೆಗೆ ಎಂಟೋ ಒಂಬತ್ತೋ ದೀಪಗಳು ಕಂಡುಬಂದರೆ ಗೃಹಸ್ಥರು ಕಾರಣ ಕೇಳುವುದು ತಪ್ಪಾಗಲಾರದು.

ದೀಪಗಳ ನಡುವಿನ ಅಂತರದ ಅರ್ಧದಷ್ಟು ದೂರವನ್ನು ಗೋಡೆಯಿಂದ ಬಿಡುವುದು ರೂಢಿ. ಮೇಲಿನ ಕೋಣೆಯಲ್ಲಿ ಅಗಲದ ಕಡೆ ಗೋಡೆಯಿಂದ ಎರಡೂವರೆ ಅಡಿ, ಉದ್ದದ ಕಡೆ ಮೂರು ಅಡಿ. ಇಲ್ಲಿ ಪಾಶ್ಚಾತ್ಯ ಕೈಪಿಡಿಗಳು ಹೇಳದ ಒಂದು ಸಂಗತಿ ಇದೆ: ಫ್ಯಾನು. ಬೀಸುವ ರೆಕ್ಕೆಗಳ ಮೇಲ್ಗಡೆ ದೀಪವಿದ್ದರೆ ಕೋಣೆಯೆಲ್ಲ ನೆರಳು ಮಿಣುಕುತ್ತದೆ, ಓದುವವರ ಕಣ್ಣು ದಣಿಯುತ್ತದೆ. ನಾಲ್ಕಡಿ ವ್ಯಾಸದ ಫ್ಯಾನಿನ ಸುತ್ತಳತೆಯಿಂದ ದೀಪಗಳು ದೂರವಿರಬೇಕು. ಮೇಲೆ ಹೇಳಿದ ಅಳತೆಯಲ್ಲಿ ಅವು ಕೋಣೆಯ ಮಧ್ಯದಿಂದ ಸುಮಾರು ನಾಲ್ಕು ಅಡಿ ಆಚೆ ಬೀಳುತ್ತವೆ. ಫ್ಯಾನಿನ ಭಾರವನ್ನು ಕಾಂಕ್ರೀಟಿನ ಕೊಕ್ಕೆಯೇ ಹೊರಬೇಕು, ಜಿಪ್ಸಂ ಹಲಗೆಗೆ ಅದನ್ನು ಎಂದೂ ಹೊರಿಸಬಾರದು.

ಮೇಲಿನಿಂದ ನೇರವಾಗಿ ಬೀಳುವ ಬೆಳಕು ನೆಲವನ್ನು ಬೆಳಗುತ್ತದೆ, ಮುಖವನ್ನಲ್ಲ. ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ, ರಾಷ್ಟ್ರಕೂಟರ ಕಾಲದ ಕೈಲಾಸ ದೇವಾಲಯದ ಶಿಲ್ಪಗಳು ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ಕಾಣುವುದು ಓರೆಯಾದ ಬೆಳಕಿನ ಮಹಿಮೆಯಿಂದಲೇ. ಕನ್ನಡಿಯ ಮುಂದೆ, ಓದುವ ಮೇಜಿನ ಬಳಿ, ವೃದ್ಧರ ಹಾಸಿಗೆಯ ಪಕ್ಕದಲ್ಲಿ ಗೋಡೆಯ ದೀಪವೋ ಮೇಜಿನ ದೀಪವೋ ಇರಲೇಬೇಕು. ಚಾವಣಿಯ ದೀಪಗಳನ್ನೇ ನೆಚ್ಚಿಕೊಂಡ ಮನೆಯಲ್ಲಿ ಹಣ ವ್ಯಯವಾಗಿಯೂ ಓದಲು ಬೆಳಕು ಸಾಲದು.

ಎತ್ತರದ ಪ್ರಶ್ನೆಯೂ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ 2.75 ಮೀಟರಿಗಿಂತ ಕಡಿಮೆ ಇರಕೂಡದು. ಹವಾನಿಯಂತ್ರಿತ ಕೋಣೆಯಲ್ಲಿ ಕೃತಕ ಚಾವಣಿಯ ಕೆಳಗೆ 2.4 ಮೀಟರಾದರೂ ಇರಬೇಕು. ಒಂಬತ್ತೂಕಾಲು ಅಡಿ ಎತ್ತರದ ಕೋಣೆಯಲ್ಲಿ ಅರ್ಧ ಅಡಿ ಇಳಿಸಿದರೆ ಇಕ್ಕಟ್ಟೆನಿಸುವುದು ಸಹಜ. ಮರಾಠವಾಡದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿಯನ್ನು ದಾಟುತ್ತದೆ. ಮೇಲಿನ ಅಂತಸ್ತಿನ ಕಾಂಕ್ರೀಟು ಹಗಲೆಲ್ಲ ಕಾದು, ದೀಪ ಹಚ್ಚುವ ಹೊತ್ತಿಗೆ ಶಾಖವನ್ನು ಕೆಳಕ್ಕೆ ಬಿಡುತ್ತದೆ. ಹಲಗೆಯ ಮೇಲಿನ ಸಂದಿಯಲ್ಲಿ ಕುಳಿತ ದೀಪದ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆ ಈ ಶಾಖವನ್ನು ಅನುಭವಿಸಬೇಕು. ಅದರೊಳಗಿನ ಕೆಪಾಸಿಟರುಗಳ ಆಯುಸ್ಸು, ತಾಪ ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ತಜ್ಞರು ಎಣಿಸುತ್ತಾರೆ. ಎಲ್.ಇ.ಡಿ. ದೀಪ ಕೆಟ್ಟಿತೆಂದರೆ ಬಹುಮಟ್ಟಿಗೆ ಕೆಟ್ಟಿರುವುದು ಈ ಡ್ರೈವರ್. ಆದುದರಿಂದ ಡ್ರೈವರನ್ನು ಪ್ರತ್ಯೇಕವಾಗಿ ಬದಲಾಯಿಸಬಹುದಾದ ದೀಪವನ್ನೇ ಆರಿಸಬೇಕು, ಅದರ ಸುತ್ತ ಗಾಳಿಯಾಡಲು ಎಡೆ ಬಿಡಬೇಕು. ಮಾಳಿಗೆ ಸೋರುವ ಮನೆಯಲ್ಲಿ ಮೊದಲು ಸೋರಿಕೆಯ ದುರಸ್ತಿ, ನಂತರ ಚಾವಣಿಯ ಮಾತು.

ಇನ್ನು ವೆಚ್ಚ. ದರಗಳು ಊರಿನಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿರುವುದು ಲೆಕ್ಕದ ಕ್ರಮವನ್ನು ತೋರಿಸುವ ಉದಾಹರಣೆ ಮಾತ್ರ. ಕೃತಕ ಚಾವಣಿಗೆ ಚದರ ಅಡಿಗೆ 90 ರೂಪಾಯಿಯೆಂದು ಹಿಡಿದರೆ 120 ಚದರ ಅಡಿಗೆ 10,800 ರೂಪಾಯಿ. ಬಣ್ಣಕ್ಕೆ ಚದರ ಅಡಿಗೆ 20ರಂತೆ 2,400. ನಾಲ್ಕು ವೈರಿಂಗ್ ಪಾಯಿಂಟುಗಳಿಗೆ ತಲಾ 600ರಂತೆ 2,400. ನಾಲ್ಕು ದೀಪಗಳಿಗೆ ತಲಾ 400ರಂತೆ 1,600. ಒಟ್ಟು 17,200, ಅನಿರೀಕ್ಷಿತ ಖರ್ಚಿಗೆ ಶೇಕಡಾ 10 ಸೇರಿಸಿದರೆ 18,920 ರೂಪಾಯಿ. ಗಮನಿಸಬೇಕಾದ ಅಂಶವೆಂದರೆ, ದೀಪಗಳ ಪಾಲು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಅಂಗಡಿಯಲ್ಲಿ ಚೌಕಾಸಿ ನಡೆಯುವುದು ದೀಪದ ಬೆಲೆಯ ಮೇಲೆ. ಹಣ ಕರಗುವುದು ಹಲಗೆಯ ಮೇಲೆ. 600 ರೂಪಾಯಿಯ ಉತ್ತಮ ದೀಪ ಕೊಂಡರೂ ಹೆಚ್ಚುವುದು 800 ರೂಪಾಯಿ ಮಾತ್ರ.

ಹಲಗೆಯ ವೆಚ್ಚವನ್ನೇ ತಗ್ಗಿಸುವ ಮಾರ್ಗಗಳಿವೆ. ಗೋಡೆಯ ಸುತ್ತ ಎರಡಡಿ ಅಗಲದ ಅಂಚನ್ನು ಮಾತ್ರ ಇಳಿಸಿದರೆ 120ರ ಬದಲು 72 ಚದರ ಅಡಿ ಸಾಕು. ಫ್ಯಾನಿನ ಎತ್ತರವೂ ಉಳಿಯುತ್ತದೆ. ಅಂಚಿನ ಕೆಲಸಕ್ಕೆ ಕೂಲಿ ತುಸು ಹೆಚ್ಚು ಎಂಬುದು ನಿಜ. ಸ್ವಂತ ಮನೆ ಕಟ್ಟಿಸುವವರು ಕಾಂಕ್ರೀಟು ಸುರಿಯುವ ಮೊದಲೇ ಕಂಬಿಗಳ ನಡುವೆ ದೀಪದ ಪೆಟ್ಟಿಗೆಗಳನ್ನೂ ಕೊಳವೆಗಳನ್ನೂ ಇರಿಸಿದರೆ ಕೃತಕ ಚಾವಣಿಯೇ ಬೇಡ. ಆದರೆ ಎರಕವಾದ ಮೇಲೆ ಕಾಂಕ್ರೀಟನ್ನು ಕೊರೆದು ಕಂಬಿ ಕತ್ತರಿಸುವುದು ಅಪಾಯಕರ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಭಾಗವೊಂದು 1964ರಿಂದ ನಾಸಿಕ ಸಮೀಪದ ಓಝರ್‌ನಲ್ಲಿದೆ. ಇಂತಹ ಉದ್ಯೋಗಗಳಲ್ಲಿ ವರ್ಗವಾಗಿ ಹೋಗಬಹುದಾದವರಿಗೂ ಬಾಡಿಗೆದಾರರಿಗೂ ಚಾವಣಿಗೆ ಹೊರಗಿನಿಂದ ಅಂಟಿಸುವ ಫಲಕ ದೀಪವೇ ಲೇಸು. ಅದನ್ನು ಬಿಚ್ಚಿ ಕೊಂಡೊಯ್ಯಬಹುದು, ಜಿಪ್ಸಂ ಚಾವಣಿಯನ್ನು ಕೊಂಡೊಯ್ಯಲಾಗದು.

ವಿದ್ಯುತ್ ಖರ್ಚಿನ ಭಯ ಈಗ ಅಷ್ಟಾಗಿ ಇಲ್ಲ. ಕೇಂದ್ರ ಸರ್ಕಾರವು 2015ರ ಜನವರಿಯಲ್ಲಿ ಆರಂಭಿಸಿದ ಉಜಾಲಾ ಯೋಜನೆಯಡಿ ಸಗಟು ಖರೀದಿಯಿಂದ ಎಲ್.ಇ.ಡಿ. ಬಲ್ಬಿನ ಬೆಲೆ ತೀವ್ರವಾಗಿ ಇಳಿಯಿತು. 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. ಮೇಲಿನ ನಾಲ್ಕು ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್. ಅಷ್ಟೇ ಬೆಳಕಿಗೆ ಹಿಂದೆ 60 ವ್ಯಾಟಿನ ಐದು ಬಲ್ಬುಗಳು ಬೇಕಾಗುತ್ತಿದ್ದವು, ತಿಂಗಳಿಗೆ 45 ಯೂನಿಟ್. ಎರಡೂ ನಗರಗಳಿಗೆ ವಿದ್ಯುತ್ ಪೂರೈಸುವ ಮಹಾವಿತರಣ ಕಂಪನಿಯ ಗೃಹಬಳಕೆಯ ದರ 100, 300, 500 ಯೂನಿಟ್‌ಗಳ ಮೆಟ್ಟಿಲುಗಳಲ್ಲಿ ಏರುತ್ತದೆ. ಆದುದರಿಂದ ಉಳಿಸಿದ ಯೂನಿಟ್ಟಿನ ಬೆಲೆಯನ್ನು ಸರಾಸರಿ ದರದಲ್ಲಲ್ಲ, ಬಿಲ್ಲು ಮುಟ್ಟಿದ ಮೇಲಿನ ಮೆಟ್ಟಿಲಿನ ದರದಲ್ಲಿ ಎಣಿಸಬೇಕು. ಎರಡೆರಡು ದೀಪಗಳಿಗೆ ಬೇರೆ ಬೇರೆ ಸ್ವಿಚ್ಚು ಇದ್ದರೆ ಉಳಿತಾಯ ಇನ್ನಷ್ಟು.

ಸುರಕ್ಷತೆಯಲ್ಲಿ ಮಾತ್ರ ಮಿತವ್ಯಯ ಸಲ್ಲದು. ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಕಣ್ಣಿಗೆ ಕಾಣದ ಸಂದಿಯಲ್ಲಿ 230 ವೋಲ್ಟಿನ ತಂತಿಗಳನ್ನು ಟೇಪು ಸುತ್ತಿ ಬಿಡುವಂತಿಲ್ಲ. ತಂತಿ ಕೊಳವೆಯೊಳಗಿರಬೇಕು, ಪ್ರತಿಯೊಂದು ಜೋಡಣೆಯೂ ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು. ಭೂಸಂಪರ್ಕದ ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆ ನಿರೋಧಕ ಸ್ವಿಚ್ಚನ್ನು ಅಳವಡಿಸುವುದು ಕ್ಷೇಮ. ದೀಪ ಮತ್ತು ಡ್ರೈವರುಗಳ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಹಲಗೆಗಳನ್ನು ಮುಚ್ಚುವ ಮುನ್ನ ತಂತಿಗಳು ಹಾದುಹೋಗಿರುವ ದಾರಿಯ ಛಾಯಾಚಿತ್ರ ತೆಗೆದು, ಅಳತೆಗಳನ್ನು ಬರೆದಿಟ್ಟು, ಅದೇ ಮಾದರಿಯ ಒಂದು ಹೆಚ್ಚುವರಿ ದೀಪವನ್ನೂ ಡ್ರೈವರನ್ನೂ ಕೊಂಡಿರಿಸಿಕೊಳ್ಳಬೇಕು. ಕತ್ತರಿಸಿದ ರಂಧ್ರದ ಅಳತೆಗೆ ಹೊಂದುವ ದೀಪ ಐದು ವರ್ಷಗಳ ಅನಂತರ ಅಂಗಡಿಯಲ್ಲಿ ಸಿಗದಿರಬಹುದು.