ಸಣ್ಣ ಕಂಪನಿಯಲ್ಲಿ ಹದಿನೆಂಟು ತಿಂಗಳು
(ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವ ನನಗೂ ಸಾಫ್ಟ್‌ವೇರ್ ಕಂಪನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಿ.ಎಡ್. ಸೇರುವ ಮುಂಚೆ ಹದಿನೆಂಟು ತಿಂಗಳು ನಾನು ಬೆಂಗಳೂರಿನ ಒಂದು ಸಣ್ಣ ಐ.ಟಿ. ಸೇವಾ ಕಂಪನಿಯಲ್ಲಿ ದುಡಿದಿದ್ದೇನೆ. ಒಂದು ಮನೆಯ ಮೊದಲ ಮಹಡಿ, ಒಟ್ಟು ಹದಿನಾಲ್ಕು ಜನ. ಐ.ಟಿ. ಎಂದರೆ ಗಾಜಿನ ಕಟ್ಟಡ ಎಂದುಕೊಂಡವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನುಡಿಯಲ್ಲಿ, ಇನ್‌ಪೇಜ್‌ನಲ್ಲಿ ಟೈಪ್ ಮಾಡಿದ ಹಳೆಯ ಪುಟಗಳನ್ನು ಯೂನಿಕೋಡ್‌ಗೆ ಬದಲಾಯಿಸುವುದು ನನ್ನ ಕೆಲಸ. ಹಳೆಯ ನುಡಿ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಬದಲಾಯಿಸಲು ತಂತ್ರಾಂಶವಿತ್ತು, ಆದರೆ ಅದು ಅರ್ಕಾವೊತ್ತಿನಲ್ಲಿ ಎಡವುತ್ತಿತ್ತು. ‘ಸೂರ್ಯ’ ಎಂದು ಬರೆದಾಗ ಅರ್ಕಾವೊತ್ತು ‘ಯ’ದ ನಂತರ ಕಾಣುತ್ತದೆ, ಹಳೆಯ ಫಾಂಟು ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಪ್ರಕಾರ ‘ರ್’ ಮೊದಲು ಬರಬೇಕು. ಸಾಲು ಸಾಲಾಗಿ ಓದಿ ತಿದ್ದಲು ಭಾಷೆ ಬಲ್ಲವರೇ ಬೇಕು. ಯಾರೂ ಲೆಕ್ಕಕ್ಕಿಡದ ನನ್ನ ಬಿ.ಎ.ಗೆ ಅಲ್ಲಿ ಬೆಲೆ ಬಂತು.

ಮೂರನೇ ತಿಂಗಳಿಗೆ ಗಿರಾಕಿಯ ಫೋನ್ ಎತ್ತುವುದು, ಬಿಲ್ ಮಾಡುವುದು, ಕೆಟ್ಟ ಪ್ರಿಂಟರ್ ಸರಿಪಡಿಸುವುದು ಎಲ್ಲವೂ ನನ್ನ ಪಾಲಿಗೆ ಬಂತು. ಕಲಿತದ್ದು ಬಹಳ, ಸುಳ್ಳು ಹೇಳಲಾರೆ. ಆದರೆ ಸೇವಾ ಕಂಪನಿ ಮಾರುವುದು ನಮ್ಮ ಗಂಟೆಗಳನ್ನು. ಇರುವ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ಹಣ ತಡಮಾಡಿದರೆ ನಮ್ಮ ಸಂಬಳ ಹದಿನೈದನೇ ತಾರೀಖಿಗೆ. ಭವಿಷ್ಯ ನಿಧಿಯೂ ಇರಲಿಲ್ಲ. ಕಾನೂನು ಅದನ್ನು ಕಡ್ಡಾಯ ಮಾಡುವುದು ಇಪ್ಪತ್ತು ಮಂದಿ ಇದ್ದರೆ.

ಇನ್ನು ನನ್ನ ದಡ್ಡತನದ ಕಥೆ. ಸೇರಿದ ದಿನವೇ ಎರಡು ವರ್ಷದ ಬಾಂಡ್ ಕಾಗದಕ್ಕೆ ಓದದೆ ಸಹಿ ಹಾಕಿದೆ, ಕೇಳಿದರೆಂದು ಮೂಲ ಅಂಕಪಟ್ಟಿಗಳನ್ನೂ ಕೊಟ್ಟೆ. ಬಿ.ಎಡ್. ಸೀಟು ಸಿಕ್ಕಿದಾಗ ದಾಖಲೆ ಪರಿಶೀಲನೆಗೆ ನಾಲ್ಕೇ ದಿನ ಉಳಿದಿತ್ತು. ಎರಡು ತಿಂಗಳ ಸಂಬಳದಷ್ಟು ಹಣ ಕಟ್ಟಿ ತೆಗೆದುಕೊಂಡು ಹೋಗಿ ಎಂದರು ಮಾಲೀಕರು. ಅಬ್ಬಾ ಊರಿನಿಂದ ಬಂದು, ಅಂಗಡಿಯ ಸರಕಿಗೆಂದು ಇಟ್ಟಿದ್ದ ಹಣವನ್ನು ಎಣಿಸಿಕೊಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಸ್ಸು ಊರು ತಲುಪುವವರೆಗೂ ಅಂಕಪಟ್ಟಿಯ ಕವರು ಅವರ ತೊಡೆಯ ಮೇಲೆಯೇ ಇತ್ತು.

ಬಾಂಡ್ ಬರೀ ಬೆದರಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹೇಳುವವರಿದ್ದಾರೆ. ನಂಬಬೇಡಿ. ಮೂರು ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕು, ಮತ್ತೆ ನೇಮಕ ಮಾಡಲು ತಗಲುವ ಖರ್ಚನ್ನು ನ್ಯಾಯಾಲಯ ಗಮನಿಸಿತು ಎಂಬುದೂ ನೆನಪಿರಲಿ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ಹಾಗಾಗಿ ಮೊತ್ತ ಎಷ್ಟು, ಯಾವ ತರಬೇತಿಗಾಗಿ ಎಂದು ಸಹಿಗೆ ಮುಂಚೆಯೇ ಕೇಳಿ. ಅಂಕಪಟ್ಟಿಯ ಮಾತು ಬೇರೆ. ಅದನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ಅಂದೇ ವಾಪಸು ತನ್ನಿ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಒಂದು ಕಂಪನಿಯ ಬಾಗಿಲಿನಿಂದ ಫೋನ್ ಮಾಡಿ, “ಒರಿಜಿನಲ್ ಕೇಳ್ತಿದ್ದಾರೆ, ಏನು ಹೇಳಲಿ?” ಎಂದಳು. “ಮನೆಯಲ್ಲಿ ಕೊಡೋದಿಲ್ಲ ಅಂತಾರೆ ಅನ್ನು” ಎಂದೆ. ಕೆಲಸವೂ ಸಿಕ್ಕಿತು. ಅಂಕಪಟ್ಟಿ ಅವಳ ಅಮ್ಮಿಯ ಟ್ರಂಕಿನಲ್ಲೇ ಇದೆ.

ನಿಮ್ಮಲ್ಲಿ ಯಾರಿಗಾದರೂ ಕೆಲಸದ ಪತ್ರ ಬಂದಿದ್ದರೆ ಶನಿವಾರ ಮಧ್ಯಾಹ್ನ ಶಿಕ್ಷಕರ ಕೊಠಡಿಗೆ ತನ್ನಿ, ಕೂತು ಓದೋಣ. ಆ ಇಂಗ್ಲಿಷಿನ ಸಣ್ಣ ಅಕ್ಷರಗಳು ನನಗೂ ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ.